ಬತ್ತಿ ಬತ್ತಿದಾಗ

ಸಂಜೆ ದೇವರ ಮುಂದೆ ಹಚ್ಚಿಟ್ಟ ಹಣತೆಯನ್ನು ಒಂದು ಗಳಿಗೆ ಗಮನವಿಟ್ಟು ನೋಡಿರಿ. ಅದರಲ್ಲಿರುವುದು ಹತ್ತಿಯನ್ನು ಹೊಸೆದು ಮಾಡಿದ ಬತ್ತಿ. ಹತ್ತಿಯಾದರೋ ಕಿಡಿ ತಾಗಿದೊಡನೆ ಹೊತ್ತಿಕೊಂಡು ಬೂದಿಯಾಗುವ ವಸ್ತು. ಅಂತಹ ಹತ್ತಿಯ ತುದಿಯಲ್ಲಿ ಗಂಟೆಗಟ್ಟಲೆ ಉರಿ ನಿಂತಿದ್ದರೂ ಬತ್ತಿಯು ಸುಟ್ಟು ಮುಗಿಯುವುದಿಲ್ಲ. ಅದರ ತುದಿ ಮಾತ್ರ ಕಪ್ಪಾಗಿರುತ್ತದೆ. ಕೆಳಗಿನ ಭಾಗವು ಎಣ್ಣೆಯಲ್ಲಿ ನೆನೆದು, ಹಾಕಿದಾಗ ಹೇಗಿತ್ತೋ ಹಾಗೆಯೇ ಇರುತ್ತದೆ. ಆದರೆ ಎಣ್ಣೆ ತೀರಲಿ. ಕೆಲವು ನಿಮಿಷಗಳಲ್ಲಿಯೇ ಉರಿಯು ಬತ್ತಿಯನ್ನು ಹಿಡಿಯುತ್ತದೆ, ಜ್ವಾಲೆ ಕುಗ್ಗುತ್ತದೆ, ಘಾಟು ಹೊಗೆ ಎದ್ದು ಮನೆಯನ್ನೆಲ್ಲ ತುಂಬುತ್ತದೆ. ಬತ್ತಿ ಸ್ಟೌವಿನ ಮೇಲೆ ಅಡಿಗೆ ಮಾಡಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಸೀಮೆಎಣ್ಣೆ ಮುಗಿದುದು ತಿಳಿಯದೆ ಬತ್ತಿ ಸೀದ ದಿನದ ವಾಸನೆಯನ್ನು ಅವರು ಇಂದಿಗೂ ಮರೆತಿರಲಾರರು.

ಎಣ್ಣೆ ಇರುವವರೆಗೆ ಬತ್ತಿಯನ್ನು ಕಾಯುವುದು ಯಾವುದು? ಈ ಪ್ರಶ್ನೆ ಹಳೆಯದು. ಆದರೆ ನಮ್ಮ ಕಾಲದ ಒಂದು ಹೊಸ ಯಂತ್ರವು ಇದನ್ನು ಮತ್ತೆ ಎತ್ತಿದೆ. ವೇಪ್ ಅಥವಾ ಇ-ಸಿಗರೇಟು ಎಂಬ ಉಪಕರಣವನ್ನು ಮೊದಲ ಬಾರಿಗೆ ಬಳಸುವವರು ಸಾಮಾನ್ಯವಾಗಿ ಹೇಳುವ ದೂರು ಒಂದೇ: "ಬಾಯಿಗೆ ಸೀದ ರುಚಿ ಬರುತ್ತದೆ, ಗಂಟಲು ಕೆರೆಯುತ್ತದೆ." ಹಣತೆಯಲ್ಲಿ ಎಣ್ಣೆ ತೀರಿದಾಗ ಆಗುವುದಕ್ಕೂ ಇದಕ್ಕೂ ಕಾರಣ ಒಂದೇ. ಅದು ಏನೆಂಬುದನ್ನೂ, ಆ ರುಚಿಯು ನಮಗೆ ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದನ್ನೂ ಈ ಲೇಖನದಲ್ಲಿ ಪರಿಶೀಲಿಸೋಣ.

ದ್ರವವು ಮೇಲೇರುವ ಬಗೆ

ನೀರು ತಗ್ಗಿಗೆ ಹರಿಯುತ್ತದೆ ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ಹಣತೆಯ ಎಣ್ಣೆ ಬತ್ತಿಯ ಮೂಲಕ ಮೇಲಕ್ಕೆ ಏರುತ್ತದೆ. ಹತ್ತಿಯ ಎಳೆಗಳ ನಡುವೆ ಕೂದಲಿಗಿಂತಲೂ ಕಿರಿದಾದ ಅಸಂಖ್ಯ ಸಂದುಗಳಿವೆ. ದ್ರವದ ಅಣುಗಳಿಗೆ ಹತ್ತಿಯ ಮೇಲೆ ಇರುವ ಸೆಳೆತ ಮತ್ತು ದ್ರವದ ಮೇಲ್ಮೈ ಎಳೆತ, ಇವೆರಡೂ ಸೇರಿ ದ್ರವವನ್ನು ಈ ಸಂದುಗಳೊಳಕ್ಕೆ ಎಳೆದುಕೊಳ್ಳುತ್ತವೆ. ಕೇಶದಂತೆ ಸಣ್ಣದಾದ ನಾಳಗಳಲ್ಲಿ ನಡೆಯುವುದರಿಂದ ಇದಕ್ಕೆ ಕೇಶಾಕರ್ಷಣ ಎಂದು ಹೆಸರು. ಟವೆಲಿನ ಒಂದು ಅಂಚು ಬಕೆಟ್ಟಿನ ನೀರಿಗೆ ತಾಗಿದರೆ ಮೇಲಿನ ಅಂಚೂ ಒದ್ದೆಯಾಗುವುದು ಇದರಿಂದಲೇ.

1860ರ ಕೊನೆಯಲ್ಲಿ ಮೈಕೇಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಎಳೆಯರಿಗಾಗಿ ಮೇಣದ ಬತ್ತಿಯನ್ನು ಕುರಿತು ಆರು ಉಪನ್ಯಾಸಗಳನ್ನು ಆರಂಭಿಸಿದನು. ತಟ್ಟೆಯಲ್ಲಿ ಉಪ್ಪಿನ ಒಂದು ಕಂಬವನ್ನು ನಿಲ್ಲಿಸಿ, ಅದರ ಬುಡಕ್ಕೆ ನೀಲಿ ಬಣ್ಣ ಬೆರೆಸಿದ ಉಪ್ಪುನೀರನ್ನು ಸುರಿದು, ಬಣ್ಣವು ಕಂಬದ ಮೇಲೆ ಹತ್ತಿ ಹೋಗುವುದನ್ನು ಅವನು ಸಭೆಗೆ ತೋರಿಸಿದನು. ಕರಗಿದ ಮೇಣವು ಉರಿಯ ಬಳಿಗೆ ತಲುಪುವುದು ಹೀಗೆಯೇ ಎಂದು ಅವನ ವಿವರಣೆ.

ಆದರೆ ಈ ಏರಿಕೆಯ ವೇಗಕ್ಕೆ ಮಿತಿಯುಂಟು. ದ್ರವವು ಮುಂದೆ ಸಾಗಿದಷ್ಟೂ ಅದರ ಹಿಂದಿನ ದಾರಿ ಉದ್ದವಾಗಿ, ಘರ್ಷಣೆ ಹೆಚ್ಚುತ್ತದೆ. 1918ರಲ್ಲಿ ಲೂಕಾಸ್, 1921ರಲ್ಲಿ ವಾಷ್‌ಬರ್ನ್ ಎಂಬ ವಿಜ್ಞಾನಿಗಳು ಇದರ ಲೆಕ್ಕವನ್ನು ತೋರಿಸಿಕೊಟ್ಟರು. ದ್ರವವು ಸಾಗುವ ದೂರ ಎರಡು ಪಟ್ಟಾದರೆ ಬೇಕಾಗುವ ಕಾಲವು ನಾಲ್ಕು ಪಟ್ಟು. ದೂರ ಮೂರು ಪಟ್ಟಾದರೆ ಕಾಲ ಒಂಬತ್ತು ಪಟ್ಟು. ಇನ್ನೊಂದು ನಿಯಮವೂ ಇದರಲ್ಲಿ ಅಡಗಿದೆ: ದ್ರವವು ಎಷ್ಟು ಪಟ್ಟು ಮಂದವೋ, ಅಂದರೆ ಅದರ ಸ್ನಿಗ್ಧತೆ ಎಷ್ಟು ಪಟ್ಟು ಹೆಚ್ಚೋ, ಅದಕ್ಕೆ ಹಿಡಿಯುವ ಕಾಲವೂ ಅಷ್ಟು ಪಟ್ಟು ಹೆಚ್ಚು.

ಒದ್ದೆ ಹತ್ತಿ ಏಕೆ ಸುಡುವುದಿಲ್ಲ?

ಮೇಣ ಸವರದ ದಪ್ಪ ಕಾಗದದಿಂದ ಒಂದು ದೊನ್ನೆಯನ್ನು ಮಾಡಿ, ಅದರಲ್ಲಿ ನೀರು ತುಂಬಿ, ಹಿರಿಯರ ಸಮಕ್ಷಮದಲ್ಲಿ ನೀರಿರುವ ಭಾಗಕ್ಕೆ ಮಾತ್ರ ಸಣ್ಣ ಉರಿ ತಾಗುವಂತೆ ಹಿಡಿದರೆ, ನೀರು ಕುದಿಯುತ್ತದೆ, ಕಾಗದ ಸುಡುವುದಿಲ್ಲ. ನೀರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ. ಅಲ್ಲಿಂದ ಮುಂದೆ ಕೊಟ್ಟ ಶಾಖವೆಲ್ಲ ನೀರನ್ನು ಆವಿಯಾಗಿಸುವುದಕ್ಕೆ ವ್ಯಯವಾಗುತ್ತದೆಯೇ ಹೊರತು ಅದರ ಉಷ್ಣತೆಯನ್ನು ಏರಿಸುವುದಿಲ್ಲ. ಹೀಗೆ ಆವಿಯೊಳಗೆ ಅಡಗಿ ಹೋಗುವ ಶಾಖಕ್ಕೆ ಗುಪ್ತೋಷ್ಣ ಎನ್ನುತ್ತಾರೆ. ನೀರು ಇರುವವರೆಗೆ ಅದಕ್ಕೆ ಅಂಟಿಕೊಂಡ ಕಾಗದದ ಉಷ್ಣತೆಯೂ 100 ಡಿಗ್ರಿಯ ಆಸುಪಾಸಿನಲ್ಲಿಯೇ ಉಳಿಯುತ್ತದೆ. ಕಾಗದ ಹೊತ್ತಿಕೊಳ್ಳಲು ಇದರ ಎರಡರಷ್ಟಕ್ಕಿಂತ ಹೆಚ್ಚು ಉಷ್ಣತೆ ಬೇಕು.

ಹಣತೆಯ ಬತ್ತಿಯನ್ನು ಕಾಯುವ ಕಾವಲುಗಾರನೂ ಇದೇ. ಉರಿಯ ಶಾಖವು ಎಣ್ಣೆಯನ್ನು ಆವಿಯಾಗಿಸುವುದರಲ್ಲಿ ಕಳೆದುಹೋಗುತ್ತದೆ. ಉರಿಯುವುದು ಆ ಆವಿ. ಬತ್ತಿಯು ಸುಡದಿರುವುದಕ್ಕೆ ಒಂದೇ ಷರತ್ತು: ಆವಿಯಾಗಿ ಹೋದಷ್ಟು ಎಣ್ಣೆ ಕೆಳಗಿನಿಂದ ಬಂದು ತುಂಬಬೇಕು. ಆದಾಯಕ್ಕಿಂತ ವೆಚ್ಚ ಹೆಚ್ಚಾದ ಸಂಸಾರದಂತೆ, ಬರುವುದಕ್ಕಿಂತ ಹೋಗುವುದು ಹೆಚ್ಚಾದೊಡನೆ ಬತ್ತಿಯ ಮೂಲಧನವೇ ಕರಗತೊಡಗುತ್ತದೆ. ಈ ಒಂದು ಸೂತ್ರವನ್ನು ನೆನಪಿನಲ್ಲಿಟ್ಟುಕೊಂಡು ವೇಪ್ ಯಂತ್ರವನ್ನು ತೆರೆದು ನೋಡೋಣ.

ಗಾಜಿನ ತೊಟ್ಟಿಯೊಳಗಿನ ಹಣತೆ

ಇಂದಿನ ಇ-ಸಿಗರೇಟಿನ ಇತಿಹಾಸವನ್ನು ಸಾಮಾನ್ಯವಾಗಿ ಚೀನ ದೇಶದ ಔಷಧಶಾಸ್ತ್ರಜ್ಞ ಹೋನ್ ಲಿಕ್ 2003ರಲ್ಲಿ ರೂಪಿಸಿದ ಉಪಕರಣದಿಂದ ಆರಂಭಿಸುತ್ತಾರೆ. ಕ್ರಮೇಣ ಅದು ನಾನಾ ರೂಪಗಳನ್ನು ತಾಳಿತು. ಟ್ಯಾಂಕ್ ಎಂದು ಕರೆಯುವ ಮಾದರಿಯಲ್ಲಿ ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಒಂದು ಸಣ್ಣ ತೊಟ್ಟಿ ಇರುತ್ತದೆ. ಅದರಲ್ಲಿ ಹಿಡಿಯುವ ದ್ರವ ಕೆಲವೇ ಮಿಲಿಲೀಟರು. ತೊಟ್ಟಿಯ ನಡುವೆ ಒಂದು ಲೋಹದ ಕೊಳವೆ. ಅದರ ಬುಡದಲ್ಲಿ ಸಣ್ಣ ತಂತಿಯ ಸುರುಳಿ. ಸುರುಳಿಯನ್ನು ಸುತ್ತುವರಿದು ಹತ್ತಿ. ಕೊಳವೆಯ ಪಕ್ಕದ ರಂಧ್ರಗಳಿಂದ ದ್ರವವು ಹತ್ತಿಗೆ ಇಳಿಯುತ್ತದೆ, ಹತ್ತಿಯಿಂದ ಸುರುಳಿಗೆ ತಲುಪುತ್ತದೆ. ಕೆಳಗಿರುವ ಬ್ಯಾಟರಿಯಿಂದ ವಿದ್ಯುತ್ತು ಹರಿದಾಗ ಸುರುಳಿ ಕಾದು ದ್ರವವನ್ನು ಆವಿಯಾಗಿಸುತ್ತದೆ. ಎಳೆದ ಗಾಳಿಯಲ್ಲಿ ಆವಿಯು ತಣಿದು ಸೂಕ್ಷ್ಮ ಹನಿಗಳ ಮಂಜಾಗಿ ಬಾಯಿಗೆ ಬರುತ್ತದೆ. ಇಲ್ಲಿ ಜ್ವಾಲೆಯಿಲ್ಲ, ಉಳಿದಂತೆ ಇದು ಹಣತೆಯೇ.

ದ್ರವದ ಮುಖ್ಯ ಭಾಗಗಳು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಇವುಗಳೊಡನೆ ಸುವಾಸನೆಯ ಪದಾರ್ಥಗಳೂ, ಸಾಮಾನ್ಯವಾಗಿ ಹೊಗೆಸೊಪ್ಪಿನ ನಿಕೊಟಿನ್ನೂ ಇರುತ್ತವೆ. ಮೊದಲಿನ ಎರಡರ ಗುಣಗಳನ್ನು ಗಮನಿಸಬೇಕು. ಪ್ರೊಪಿಲೀನ್ ಗ್ಲೈಕಾಲ್ 188 ಡಿಗ್ರಿಯಲ್ಲಿಯೂ ಗ್ಲಿಸರಿನ್ 290 ಡಿಗ್ರಿಯಲ್ಲಿಯೂ ಕುದಿಯುತ್ತವೆ. ಹತ್ತಿಯ ನಾರು ಸುಮಾರು 300 ಡಿಗ್ರಿಯನ್ನು ದಾಟಿದರೆ ಬಲುಬೇಗನೆ ಕರಕಲಾಗುತ್ತದೆ. ಕುದಿಯುವ ನೀರಿನಲ್ಲಿ ನೆನೆದ ಹತ್ತಿಗೆ ಅಪಾಯದಿಂದ 200 ಡಿಗ್ರಿಯ ಅಂತರವಿದ್ದರೆ, ಕುದಿಯುವ ಗ್ಲಿಸರಿನ್ನಿನಲ್ಲಿ ನೆನೆದ ಹತ್ತಿಗೆ ಇರುವ ಅಂತರ ಬಲು ಕಿರಿದು. ಸಾಲದುದಕ್ಕೆ ಸ್ನಿಗ್ಧತೆಯ ತೊಡಕು ಬೇರೆ. 25 ಡಿಗ್ರಿಯಲ್ಲಿ ಪ್ರೊಪಿಲೀನ್ ಗ್ಲೈಕಾಲ್ ನೀರಿಗಿಂತ ಸುಮಾರು 50 ಪಟ್ಟು ಸ್ನಿಗ್ಧ. ಗ್ಲಿಸರಿನ್ ಸುಮಾರು 1000 ಪಟ್ಟು. ಹೀಗೆ ಈ ಬತ್ತಿಗೆ ಸರಬರಾಜು ನಿಧಾನ, ತಪ್ಪಿಗೆ ಅವಕಾಶ ಕಡಿಮೆ.

ಆರು ತಪ್ಪುಗಳು, ಒಂದೇ ಕಾರಣ

ಬ್ರಿಟನ್ನಿನಲ್ಲಿ ಸಿಗರೇಟಿನ ಚಟವನ್ನು ಬಿಡಲೆತ್ನಿಸುವ ವಯಸ್ಕರು ಇಂತಹ ಉಪಕರಣವನ್ನು ಬಳಸುವುದುಂಟು. ಅಲ್ಲಿ ಹೊಸಬರಿಗೆ ಹೇಳಿಕೊಡುವ ಎಚ್ಚರಿಕೆಗಳೆಲ್ಲ ಮೇಲಿನ ಸೂತ್ರದಿಂದಲೇ ಹುಟ್ಟಿದವು.

ಮೊದಲನೆಯದು, ಒಣ ಬತ್ತಿಯನ್ನು ಕಾಯಿಸುವುದು. ಹೊಸ ಸುರುಳಿಯ ಹತ್ತಿ ಪೂರ್ತಿ ಒಣಗಿರುತ್ತದೆ. ಹತ್ತಿಯ ಮೇಲೆ ಕೆಲವು ಹನಿ ದ್ರವವನ್ನು ಹಾಕಿ, ತೊಟ್ಟಿಯನ್ನು ತುಂಬಿದ ಮೇಲೂ ಹಲವು ನಿಮಿಷ ಕಾಯಬೇಕೆಂದು ಹೇಳುವುದು ಇದಕ್ಕಾಗಿ. ಮಂದ ದ್ರವವು ಹತ್ತಿಯ ಒಳಭಾಗವನ್ನು ಮುಟ್ಟಲು ಅಷ್ಟು ಕಾಲ ಬೇಕು. ಅವಸರಪಟ್ಟವನ ಹತ್ತಿಯು ಮೊದಲ ಸಲವೇ ಕರಕಲಾಗುತ್ತದೆ. ಕರಕಲಾದ ಹತ್ತಿಯನ್ನು ಮತ್ತೆ ನೆನೆಸಿದರೂ ರುಚಿ ಹೋಗದು, ಸುರುಳಿಯನ್ನೇ ಬದಲಿಸಬೇಕಾಗುತ್ತದೆ. ಹೊಸ ಹಣತೆಗೆ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ ತುದಿಯನ್ನು ನೆನೆಸಿದ ಮೇಲೆಯೇ ಹಚ್ಚುವ ನಮ್ಮ ಮನೆಯ ಹೆಂಗಸರು ಈ ಪಾಠವನ್ನು ಎಂದೋ ಕಲಿತಿದ್ದಾರೆ.

ಎರಡನೆಯದು, ಶಕ್ತಿಯನ್ನು ಮಿತಿಮೀರಿ ಏರಿಸುವುದು. ಸುರುಳಿಯಲ್ಲಿ ಹುಟ್ಟುವ ಶಾಖವು ವೋಲ್ಟೇಜಿನ ವರ್ಗಕ್ಕೆ ಅನುಸಾರವಾಗಿರುತ್ತದೆ. ವೋಲ್ಟೇಜನ್ನು 3.3ರಿಂದ 5ಕ್ಕೆ ಏರಿಸಿದರೆ ಅದು ಹೆಚ್ಚಿದುದು ಒಂದೂವರೆ ಪಟ್ಟು. ಶಾಖ ಹೆಚ್ಚಿದುದು ಸುಮಾರು 2.3 ಪಟ್ಟು. ಬತ್ತಿ ಮಾತ್ರ ಹಿಂದಿನ ಬತ್ತಿಯೇ.

ಮೂರನೆಯದು, ಬಿಡುವಿಲ್ಲದೆ ಎಳೆಯುವುದು. ಒಂದು ಎಳೆತದಲ್ಲಿ ಬರಿದಾದ ಹತ್ತಿಯು ಮತ್ತೆ ತುಂಬಿಕೊಳ್ಳುವ ಮೊದಲೇ ಇನ್ನೊಂದು ಎಳೆತವಾದರೆ ಸಾಲ ಬೆಳೆಯುತ್ತದೆ. ನಾಲ್ಕನೆಯದು, ಸಣ್ಣ ರಂಧ್ರಗಳ ಸುರುಳಿಗೆ ಗ್ಲಿಸರಿನ್ ಹೆಚ್ಚಾಗಿರುವ ಮಂದ ದ್ರವವನ್ನು ಹಾಕುವುದು. ಚಳಿಯಲ್ಲಿ ಇದು ಇನ್ನೂ ಕಷ್ಟ. 25 ಡಿಗ್ರಿಯಿಂದ 0 ಡಿಗ್ರಿಗೆ ಇಳಿದರೆ ಗ್ಲಿಸರಿನ್ನಿನ ಸ್ನಿಗ್ಧತೆ ಹತ್ತು ಪಟ್ಟಿಗಿಂತಲೂ ಹೆಚ್ಚಾಗುತ್ತದೆ.

ಐದನೆಯದು, ದ್ರವದ ಮಟ್ಟವು ರಂಧ್ರಗಳಿಗಿಂತ ಕೆಳಗಿಳಿಯುವವರೆಗೆ ತೊಟ್ಟಿಯನ್ನು ಬರಿದುಮಾಡುವುದು. ಇದಕ್ಕೆ ಹತ್ತಿರವಾದ ಇನ್ನೊಂದು ತೊಡಕೂ ಇದೆ. ಎಣ್ಣೆಯ ಡಬ್ಬಕ್ಕೆ ಒಂದೇ ತೂತು ಕೊರೆದರೆ ಎಣ್ಣೆ ಸರಾಗವಾಗಿ ಬೀಳದು. ಗಾಳಿ ಒಳಹೋಗಲು ಇನ್ನೊಂದು ತೂತು ಬೇಕು. ತೊಟ್ಟಿಯಿಂದ ದ್ರವ ಹೊರಟ ಜಾಗಕ್ಕೂ ಗಾಳಿಯ ಗುಳ್ಳೆ ಬಂದು ತುಂಬಬೇಕು. ಅದು ತಡೆದರೆ ದ್ರವವೂ ತಡೆಯುತ್ತದೆ. ಆರನೆಯದು, ಹಳೆಯ ಸುರುಳಿಯನ್ನೇ ಮುಂದುವರಿಸುವುದು. ದ್ರವದಲ್ಲಿ ಬೆರೆಸಿದ ಸಿಹಿಪದಾರ್ಥಗಳು ಸುರುಳಿಯ ಮೇಲೆ ಕರಕಲಾಗಿ ಹೆಪ್ಪುಗಟ್ಟಿ, ಹತ್ತಿಯ ಸಂದುಗಳನ್ನು ಮುಚ್ಚುತ್ತವೆ. ಪಾಯಸದ ಪಾತ್ರೆಯ ತಳ ಹಿಡಿದಂತೆ.

ಹೆಸರುಗಳು ಆರಾದರೂ ದೋಷ ಒಂದೇ. ಬತ್ತಿ ತರುವುದಕ್ಕಿಂತ ಸುರುಳಿ ಕಳೆಯುವುದು ಹೆಚ್ಚು.

ಸೀದ ರುಚಿಯಲ್ಲಿ ಇರುವುದೇನು?

ಬತ್ತಿ ಬತ್ತಿದಾಗ ಸುರುಳಿಯ ಉಷ್ಣತೆ ತಟ್ಟನೆ ಏರುತ್ತದೆ. ಆಗ ಹತ್ತಿ ಮಾತ್ರವಲ್ಲ, ಉಳಿದ ಅಷ್ಟಿಷ್ಟು ದ್ರವವೂ ಒಡೆದು ಬೇರೆ ವಸ್ತುಗಳಾಗುತ್ತದೆ. ಗ್ಲಿಸರಿನ್ನಿನ ಒಂದು ಅಣುವಿನಿಂದ ನೀರಿನ ಎರಡು ಅಣುಗಳು ಹೊರಟುಹೋದರೆ ಉಳಿಯುವುದು ಆಕ್ರೊಲೀನ್. ಬಾಣಲೆಯ ಎಣ್ಣೆ ಮಿತಿಮೀರಿ ಕಾದು ಹೊಗೆಯಾಡಿದಾಗ ಕಣ್ಣು ಮೂಗುಗಳನ್ನು ಉರಿಸುವ ಘಾಟಿನಲ್ಲಿ ಇರುವುದು ಇದೇ. ಎಣ್ಣೆಯ ಅಣುವಿನಲ್ಲಿಯೂ ಗ್ಲಿಸರಿನ್ನಿನ ಅಂಶವಿದೆಯಷ್ಟೆ. ಇದರೊಡನೆ ಫಾರ್ಮಾಲ್ಡಿಹೈಡ್ ಎಂಬ ಅನಿಲವೂ ಹುಟ್ಟುತ್ತದೆ. ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಯೋಗಶಾಲೆಯಲ್ಲಿ ಸತ್ತ ಕಪ್ಪೆ ಮೀನುಗಳು ಕೊಳೆಯದಂತೆ ಇಟ್ಟಿರುವ ಫಾರ್ಮಲಿನ್ ಈ ಅನಿಲದ ದ್ರಾವಣ. ಇದು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ತೀರ್ಮಾನಿಸಿತು.

ಈ ವಿಷಯದಲ್ಲಿ 2015ರಲ್ಲಿ ಒಂದು ಸ್ವಾರಸ್ಯಕರವಾದ ವಾದ ನಡೆಯಿತು. ಅಮೆರಿಕದ ಪೋರ್ಟ್‌ಲೆಂಡ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಉಪಕರಣವನ್ನು 3.3 ವೋಲ್ಟಿನಲ್ಲಿ ನಡೆಸಿದಾಗ ಫಾರ್ಮಾಲ್ಡಿಹೈಡನ್ನು ಬಿಡುಗಡೆ ಮಾಡುವ ಸಂಯುಕ್ತಗಳು ಕಾಣಲಿಲ್ಲವೆಂದೂ, 5 ವೋಲ್ಟಿನಲ್ಲಿ ಗಣನೀಯವಾಗಿ ಕಂಡವೆಂದೂ ವರದಿ ಮಾಡಿದರು. ಗ್ರೀಸಿನ ವೈದ್ಯ ಫರ್ಸಾಲಿನೋಸ್ ಮತ್ತು ಸಂಗಡಿಗರು ಅದೇ ವರ್ಷ ಇನ್ನೊಂದು ಪರೀಕ್ಷೆ ನಡೆಸಿದರು. ರಚನೆಯಲ್ಲಿ ಭಿನ್ನವಾದ ಎರಡು ಉಪಕರಣಗಳನ್ನು ಅನುಭವಸ್ಥರ ಕೈಗೆ ಕೊಟ್ಟಾಗ, ಒಂದರಲ್ಲಿ 9 ಮತ್ತು 10 ವ್ಯಾಟಿನಲ್ಲಿ ಸೀದ ರುಚಿ ಬಂದಿತು. ಇನ್ನೊಂದರಲ್ಲಿ ಅಷ್ಟೇ ಶಕ್ತಿಯಲ್ಲಿ ಬರಲಿಲ್ಲ. ಸೀದ ರುಚಿ ಬಂದ ಸ್ಥಿತಿಯಲ್ಲಿ ಈ ಘಾಟು ವಸ್ತುಗಳ ಪ್ರಮಾಣ 30ರಿಂದ 250 ಪಟ್ಟು ಹೆಚ್ಚಿತ್ತು. ಅಂತಹ ಮಂಜನ್ನು ಯಾರೂ ಸಹಿಸಿ ಎಳೆಯಲಾರರು, ಆದ್ದರಿಂದ ಯಂತ್ರದ ಅಳತೆಯನ್ನು ಬಳಕೆದಾರನ ಅನುಭವಕ್ಕೆ ಹಾಗೆಯೇ ಅನ್ವಯಿಸಬಾರದು ಎಂಬುದು ಅವರ ವಾದ.

ನಮ್ಮ ದೃಷ್ಟಿಯಿಂದ ನೋಡಿದರೆ ಎರಡು ಪಕ್ಷಗಳೂ ಒಂದೇ ಸತ್ಯದ ಎರಡು ಮುಖಗಳನ್ನು ತೋರಿಸಿವೆ. ವೋಲ್ಟೇಜಾಗಲಿ ವ್ಯಾಟಾಗಲಿ ತಾನಾಗಿ ವಿಷವನ್ನು ಹುಟ್ಟಿಸುವುದಿಲ್ಲ. ಬತ್ತಿಯ ಸಾಮರ್ಥ್ಯವನ್ನು ಮೀರಿದಾಗ ಹುಟ್ಟಿಸುತ್ತದೆ. ಆ ಎಲ್ಲೆಯನ್ನು ಮೀರಿದುದಕ್ಕೆ ನಾಲಿಗೆ ಕೊಡುವ ಸಾಕ್ಷಿಯೇ ಸೀದ ರುಚಿ.

ನಾಲಿಗೆ ಹೇಳದಿರುವುದು

ಇಲ್ಲಿಯವರೆಗೆ ಓದಿದವರು ಹೀಗೆ ಕೇಳಬಹುದು: ಬತ್ತಿಯನ್ನು ಒದ್ದೆಯಾಗಿಟ್ಟು ಸೀದ ರುಚಿಯನ್ನು ತಪ್ಪಿಸಿದರೆ ತೊಂದರೆಯೇ ಇಲ್ಲವಲ್ಲವೆ? ಇಂತಹ ತರ್ಕದಲ್ಲಿ ಜಾಗರೂಕತೆ ಬೇಕು. ಗಂಟೆ ಬಾರಿಸಿದರೆ ಕಳ್ಳ ಬಂದನೆಂದು ತಿಳಿಯಬಹುದು. ಗಂಟೆ ಬಾರಿಸದಿದ್ದರೆ ಕಳ್ಳನಿಲ್ಲವೆಂದು ಹೇಳಲಾಗದು. ನಾಲಿಗೆ ಕೆಲವು ಅಪಾಯಗಳನ್ನು ಮಾತ್ರ ಗುರುತಿಸಬಲ್ಲದು.

ಒಂದು ನಿದರ್ಶನವನ್ನು ಕೊಡಬಹುದು. ಬೆಣ್ಣೆಯ ಹಿತವಾದ ಕಂಪನ್ನು ಕೊಡುವ ಡೈಅಸಿಟೈಲ್ ಎಂಬ ವಸ್ತುವು ತಿನ್ನುವ ಪದಾರ್ಥಗಳಲ್ಲಿ ಬಳಕೆಯಲ್ಲಿದೆ. ಅಮೆರಿಕದ ಮಿಸ್ಸೌರಿ ಸಂಸ್ಥಾನದಲ್ಲಿ ಜೋಳದ ಅರಳನ್ನು ತಯಾರಿಸುತ್ತಿದ್ದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಎಂಟು ಮಂದಿಗೆ ಶ್ವಾಸಕೋಶದ ಸೂಕ್ಷ್ಮ ನಾಳಗಳು ಮುಚ್ಚಿಹೋಗುವ ತೀವ್ರ ರೋಗ ತಗುಲಿದುದು 2000ದಲ್ಲಿ ವರದಿಯಾಯಿತು. ಅವರು ಆ ಕಂಪಿನ ಆವಿಯನ್ನು ಉಸಿರಾಡುತ್ತಿದ್ದವರು. ಹೊಟ್ಟೆಗೆ ಸೇರಿದರೆ ಜೀರ್ಣವಾಗುವ ವಸ್ತು ಶ್ವಾಸಕೋಶಕ್ಕೆ ಸೇರಿದಾಗ ನಿರಪಾಯವೆಂದು ಹೇಳುವಂತಿಲ್ಲ. ವೇಪಿನ ಕೆಲವು ದ್ರವಗಳಲ್ಲಿಯೂ ಡೈಅಸಿಟೈಲ್ ಕಂಡುಬಂದಿದೆ. ಅದರ ರುಚಿಯಲ್ಲಿ ಎಚ್ಚರಿಕೆಯಿಲ್ಲ, ಆಹ್ವಾನವಿದೆ.

ನಿಕೊಟಿನ್ನಿನ ಮಾತೂ ಹೀಗೆಯೇ. ಬತ್ತಿ ಎಷ್ಟೇ ಒದ್ದೆಯಾಗಿರಲಿ, ಅದು ಮಂಜಿನೊಡನೆ ರಕ್ತಕ್ಕೆ ಸೇರಿ ಮಿದುಳನ್ನು ಮುಟ್ಟುತ್ತದೆ. ಹದಿಹರೆಯದಲ್ಲಿ ಮಿದುಳಿನ ಬೆಳವಣಿಗೆ ಇನ್ನೂ ಮುಗಿದಿರುವುದಿಲ್ಲವಾಗಿ ಚಟವು ಬೇಗನೆ ಬೇರೂರುತ್ತದೆ. ಹಣ್ಣಿನ ಕಂಪು ಈ ಬೇರನ್ನು ಮರೆಮಾಡುತ್ತದೆ. ಆದುದರಿಂದಲೇ, ಸಿಗರೇಟು ಬಿಡಲೆತ್ನಿಸುವ ವಯಸ್ಕರಿಗೆ ವೇಪ್ ನೆರವಾಗಬಹುದೆಂದು ಒಪ್ಪಿರುವ ಬ್ರಿಟನ್ನಿನಲ್ಲಿಯೂ 18 ವರ್ಷ ತುಂಬದವರಿಗೆ ಅದನ್ನು ಮಾರುವಂತಿಲ್ಲ. ಸಿಗರೇಟು ಸೇದದವರು ಇದನ್ನು ಆರಂಭಿಸಬಾರದೆಂದು ಅಲ್ಲಿನ ವೈದ್ಯರೂ ಹೇಳುತ್ತಾರೆ. ಕರ್ನಾಟಕದಲ್ಲಿ ಇ-ಸಿಗರೇಟಿನ ಮಾರಾಟವನ್ನು 2016ರಲ್ಲಿ ನಿಷೇಧಿಸಲಾಯಿತು. 2019ರ ಕಾಯಿದೆಯಿಂದ ಭಾರತದಾದ್ಯಂತ ಅದರ ತಯಾರಿಕೆ, ಆಮದು, ಮಾರಾಟ, ಹಂಚಿಕೆ, ದಾಸ್ತಾನು, ಜಾಹೀರಾತು ಇವೆಲ್ಲವೂ ದಂಡನೀಯವಾದ ಅಪರಾಧಗಳಾದವು. ಗೆಳೆಯನೊಬ್ಬನು ಗುಟ್ಟಾಗಿ ಇದನ್ನು ಕೈಗಿಟ್ಟು "ಇದರಲ್ಲಿ ಹೊಗೆಯೇ ಇಲ್ಲ, ರುಚಿಯೂ ಚೆನ್ನಾಗಿದೆ" ಎಂದರೆ, ರುಚಿಯು ಎಷ್ಟರ ಮಟ್ಟಿಗೆ ಸಾಕ್ಷಿಯಾಗಬಲ್ಲದು ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಯು ನೆನೆದುಕೊಳ್ಳಬೇಕು. ಅಲ್ಲಿ ಸೀದುಹೋಗದಂತೆ ಕಾಯಬೇಕಾದುದು ಬತ್ತಿಯೊಂದನ್ನೇ ಅಲ್ಲ.

ನೀವೇ ಮಾಡಿ ನೋಡಿ

ಬತ್ತಿಯ ನಿಯಮವನ್ನು ಪರೀಕ್ಷಿಸಲು ವೇಪ್ ಬೇಕಾಗಿಲ್ಲ. ಒತ್ತುಕಾಗದದಿಂದ ಅಥವಾ ಪ್ರಯೋಗಶಾಲೆಯ ಶೋಧಕ ಕಾಗದದಿಂದ ಒಂದು ಬೆರಳಗಲದ ಪಟ್ಟಿಗಳನ್ನು ಕತ್ತರಿಸಿಕೊಳ್ಳಿರಿ. ಒಂದು ಲೋಟದಲ್ಲಿ ಶಾಯಿ ಬೆರೆಸಿದ ನೀರನ್ನಿಟ್ಟು, ಪಟ್ಟಿಯ ಕೆಳತುದಿ ಮಾತ್ರ ನೀರಿಗೆ ತಾಗುವಂತೆ ನೇತುಹಾಕಿ. ತೇವವು 1, 4 ಮತ್ತು 9 ನಿಮಿಷಗಳಲ್ಲಿ ಏರಿದ ಎತ್ತರಗಳನ್ನು ಪೆನ್ಸಿಲಿನಿಂದ ಗುರುತಿಸಿರಿ. ಅವು ಸುಮಾರಾಗಿ 1, 2, 3ರ ಪ್ರಮಾಣದಲ್ಲಿರಬೇಕು. ಎತ್ತರ ಹೆಚ್ಚಿದಂತೆ ದ್ರವದ ಭಾರವೂ ಅದು ಒಣಗುವುದೂ ಅಡ್ಡಬರುವುದರಿಂದ ಲೆಕ್ಕ ಸ್ವಲ್ಪ ತಪ್ಪೀತು. ಎಷ್ಟು ತಪ್ಪಿತೆಂಬುದನ್ನೂ ಬರೆದಿಡಿ.

ಅನಂತರ ಔಷಧದ ಅಂಗಡಿಯಲ್ಲಿ ಸಿಗುವ ಗ್ಲಿಸರಿನ್ನಿಗೆ ಅಷ್ಟೇ ತೂಕದ ನೀರು ಬೆರೆಸಿ ಪ್ರಯೋಗವನ್ನು ಪುನಃ ಮಾಡಿರಿ. ಈ ಮಿಶ್ರಣದ ಸ್ನಿಗ್ಧತೆ ನೀರಿನ ಐದಾರು ಪಟ್ಟು. ಹಾಗಾದರೆ ಒಂದೇ ಎತ್ತರಕ್ಕೆ ಏರಲು ಅದು ಎಷ್ಟು ಹೆಚ್ಚು ಕಾಲ ತೆಗೆದುಕೊಳ್ಳಬೇಕು? ಮೊದಲು ಲೆಕ್ಕ ಹಾಕಿ, ಅನಂತರ ಗಡಿಯಾರವನ್ನು ನೋಡಿರಿ. ಕೊನೆಗೆ ನೀರು ಬೆರೆಸದ ಗ್ಲಿಸರಿನ್ನಿನಲ್ಲಿ ಒಂದು ಪಟ್ಟಿಯನ್ನು ನೇತುಹಾಕಿ ಅದರ ನಿಧಾನಗತಿಯನ್ನು ಕಣ್ಣಾರೆ ಕಾಣಿರಿ.

ಅಂದು ಸಂಜೆ ದೀಪ ಹಚ್ಚುವಾಗ ಬತ್ತಿಯನ್ನು ಎಣ್ಣೆಯಲ್ಲಿ ಹೊರಳಿಸುವ ತಾಯಿಯ ಕೈಯನ್ನು ಮತ್ತೊಮ್ಮೆ ಗಮನಿಸಿರಿ. ಆ ಕೈಗೆ ತಿಳಿದಿರುವುದು ಏನೆಂಬುದು ಆಗ ನಿಮಗೂ ತಿಳಿದಿರುತ್ತದೆ.